ಮಳೆಗಾಲದಲ್ಲಿ ಬೇಸ್ ಗಿಟಾರ್ ತಂತಿ ಬಾಳಿಕೆ ಬರ್ತಿಲ್ಲ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರಿನವನು, ಇಲ್ಲೇ ಒಂದು ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುತ್ತೇನೆ. ನಾಲ್ಕು ತಂತಿಯದು, ನಿಕಲ್ ರೌಂಡ್‌ವೂಂಡ್ ಸೆಟ್ (ಒಳಗಿನ ತಂತಿಯ ಮೇಲೆ ದುಂಡನೆಯ ಸಣ್ಣ ತಂತಿ ಸುತ್ತಿದ್ದು). ಜೂನ್ ಬಂತು ಅಂದ್ರೆ ತಂತಿಗಳ ಕಥೆ ಮುಗೀತು. ಹೊಸದರಲ್ಲಿ ಖಣಖಣ ಅಂತಿದ್ದ ಇ (E) ತಂತಿ, ಅಂದ್ರೆ ಎಲ್ಲಕ್ಕಿಂತ ದಪ್ಪದ್ದು, ಸ್ವಲ್ಪ ದಿನಕ್ಕೇ ದಬ್ ದಬ್ ಅನ್ನುತ್ತದೆ, ಬೆರಳು ಬೀಳುವ ಜಾಗದಲ್ಲಿ ಸುತ್ತಿನ ಸಂದಿಗಳಲ್ಲೆಲ್ಲ ಕಪ್ಪು ಕೊಳೆ ಕೂತಿರುತ್ತದೆ, ಹನ್ನೆರಡನೇ ಫ್ರೆಟ್ಟಿನಲ್ಲಿ (ಕತ್ತಿನ ಮೇಲಿನ ಲೋಹದ ಪಟ್ಟಿ) ಶ್ರುತಿಯೂ ಸರಿಯಾಗಿ ನಿಲ್ಲುವುದಿಲ್ಲ.

ಕೈ ತೊಳೆದೇ ಗಿಟಾರ್ ಮುಟ್ಟುತ್ತೇನೆ. ನುಡಿಸಿದ ಮೇಲೆ ಹತ್ತಿ ಬಟ್ಟೆಯಲ್ಲಿ ತಂತಿಯ ಅಡಿಭಾಗವನ್ನೂ ಒರೆಸುತ್ತೇನೆ, ಕೇಸ್ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇದೆ. ತಂತಿ ಬಿಚ್ಚಿ ನೀರಲ್ಲಿ ಕುದಿಸಿದರೆ ಜೀವ ಬರುತ್ತದೆ, ನಿಜ, ಆದರೆ ಜಾಸ್ತಿ ದಿನ ಇರಲ್ಲ, ಸರಿಯಾಗಿ ಒಣಗದಿದ್ದರೆ ತುಕ್ಕು ಬೇರೆ.

ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಕೊಳೆ ಬಿಡಲಿ ಅಂತ ತಂತಿಯನ್ನು ರಾತ್ರಿಯಿಡೀ ನೆನೆಹಾಕುವವರು ಇದ್ದೀರಾ? ತುದಿಯ ರೇಷ್ಮೆ ಸುತ್ತಿನ ಬಣ್ಣ ಬಿಡುತ್ತಾ? ಕೋಟೆಡ್ ತಂತಿಗೆ (ಮೇಲೆ ತೆಳು ಲೇಪನ ಇರುವಂಥದ್ದು) ದುಡ್ಡು ಜಾಸ್ತಿ, ನಮ್ಮ ಮಲೆನಾಡಿನ ಥಂಡಿಗೆ ಅದು ತಡೆಯುತ್ತಾ? ಫ್ಲಾಟ್‌ವೂಂಡ್ (ಚಪ್ಪಟೆ ಸುತ್ತಿನ ತಂತಿ) ಹಾಕು, ವರ್ಷಗಟ್ಟಲೆ ಬರುತ್ತೆ ಅಂತ ಸುಮ್ನೆ ಹೇಳಬೇಡಿ ದಯವಿಟ್ಟು, ಗಣಪತಿ ಸೀಸನ್ನಿನಲ್ಲಿ ಸ್ಲ್ಯಾಪ್ (ಹೆಬ್ಬೆರಳಿನಿಂದ ತಂತಿಗೆ ಹೊಡೆದು ನುಡಿಸುವುದು) ಇಲ್ಲದೆ ನಡೆಯಲ್ಲ, ಚಪ್ಪಟೆ ಸುತ್ತಿನಲ್ಲಿ ಆ ಖಣಖಣ ಬರಲ್ಲ. ಮೂಡಿಗೆರೆ, ಸಕಲೇಶಪುರ ಕಡೆ ನುಡಿಸುವವರು ಏನು ಮಾಡ್ತೀರಿ, ಹೇಳಿ.