ಅಪ್‌ಡೇಟ್: ‘ನೆಯೆಸ್‌ಖ್ಲೆಬಾ’ ಎಂಬ ಚೆಕ್ ಮನೆತನದ ಹೆಸರಿನ ಮೂಲ ಮತ್ತು ಎಣಿಕೆ

ಈ ಅಪರೂಪದ ಹೆಸರು ಹೇಗೆ ಹುಟ್ಟಿತು, ಇಂದು ಎಷ್ಟು ಜನರಿಗಿದೆ ಎಂದು ನಾನು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಅವರ ಸೂಚನೆಗಳನ್ನು ಅನುಸರಿಸಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

‘ರೊಟ್ಟಿ ತಿನ್ನಬೇಡ’ ಎಂಬ ಆಜ್ಞಾರ್ಥಕ ವಾಕ್ಯವೇ ಇಲ್ಲಿ ಹೆಸರಾಗಿ ನಿಂತಿದೆ. ‘ಹೊಲಕ್ಕೆ ಜಿಗಿ’ ಎಂಬರ್ಥದ ‘ಸ್ಕೊಚ್‌ಡೊಪೊಲೆ’ ಕೂಡ ಇದೇ ಜಾತಿಯದು. ಜರ್ಮನ್ನಿನಲ್ಲಿ ಅದಕ್ಕೆ ‘ಶ್ಪ್ರಿಂಗಿನ್ಸ್‌ಫೆಲ್ಡ್’ ಎಂಬ ಜೋಡಿಯೇ ಇರುವುದರಿಂದ, ಇಂಥ ವಾಕ್ಯನಾಮಗಳನ್ನು ಚೆಕ್ಕರ ವಿಚಿತ್ರ ಅಭಿರುಚಿ ಎಂದು ತಳ್ಳಿಹಾಕುವಂತಿಲ್ಲ. ಊರವರು ಒಬ್ಬನಿಗೆ ಇಟ್ಟ ಅಡ್ಡಹೆಸರು ವಂಶಕ್ಕೇ ಅಂಟಿಕೊಂಡದ್ದು, 1780ರ ದಶಕದಲ್ಲಿ ಆಗ ಚೆಕ್ ನಾಡನ್ನೂ ಆಳುತ್ತಿದ್ದ ಚಕ್ರವರ್ತಿ ಎರಡನೆಯ ಜೋಸೆಫನ ಆಡಳಿತವು ಆನುವಂಶಿಕ ಹೆಸರನ್ನು ಕಡ್ಡಾಯಗೊಳಿಸಿದ ಮೇಲೆ ಶಾಶ್ವತವಾಯಿತು. 1784ರಲ್ಲಿ ಚರ್ಚಿನ ಜನನ, ವಿವಾಹ, ಮರಣದ ದಾಖಲೆ ಪುಸ್ತಕಗಳಿಗೆ ಸರ್ಕಾರಿ ಮಾನ್ಯತೆ ದೊರೆತದ್ದೂ ಇದಕ್ಕೆ ನೆರವಾಯಿತು.

ಎಣಿಕೆಯ ವಿಷಯದಲ್ಲಿ ಎಚ್ಚರ ಬೇಕು. ಚೆಕ್ ಭಾಷೆಯಲ್ಲಿ ಹೆಂಗಸರ ಮನೆತನದ ಹೆಸರಿಗೆ ಸಾಮಾನ್ಯವಾಗಿ ‘-ಒವಾ’ ಸೇರುವುದರಿಂದ, ಅಲ್ಲಿನ ಗೃಹ ಸಚಿವಾಲಯದ ಪಟ್ಟಿಗಳಲ್ಲಿ ಗಂಡಸರ ‘ನೆಯೆಸ್‌ಖ್ಲೆಬಾ’ ಮತ್ತು ಹೆಂಗಸರ ‘ನೆಯೆಸ್‌ಖ್ಲೆಬೊವಾ’ ಬೇರೆ ಬೇರೆ ಹೆಸರುಗಳಾಗಿ ಬರುತ್ತವೆ. ಒಂದನ್ನೇ ನೋಡಿದವರಿಗೆ ಮನೆತನ ಇರುವುದಕ್ಕಿಂತ ಅರ್ಧದಷ್ಟು ಚಿಕ್ಕದಾಗಿ ಕಾಣುತ್ತದೆ. 2022ರ ಜನವರಿಯಿಂದ ಕಾರಣ ನೀಡದೆಯೇ ಪುರುಷರೂಪವನ್ನು ಉಳಿಸಿಕೊಳ್ಳುವ ಹಕ್ಕು ಹೆಂಗಸರಿಗೆ ದೊರೆತಿರುವುದರಿಂದ, ರೂಪ ನೋಡಿ ಲಿಂಗವನ್ನು ಊಹಿಸುವುದೂ ಇನ್ನು ಸುರಕ್ಷಿತವಲ್ಲ. ‘ನೊವಾಕ್’ ಹೆಸರಿನ ಗಂಡಸರೇ ಮೂವತ್ತು ಸಾವಿರಕ್ಕೂ ಹೆಚ್ಚಿರುವ ದೇಶದಲ್ಲಿ ಇದು ತೀರ ವಿರಳವೆಂಬುದರಲ್ಲಿ ಸಂಶಯವಿಲ್ಲ. ಆದರೆ ವಿರಳ ಹೆಸರಿನವರೆಲ್ಲ ಒಂದೇ ಮೂಲಪುರುಷನ ಸಂತತಿ ಎಂಬ ಕೆಲವರ ವಾದವನ್ನು ನಾನು ಒಪ್ಪಲಾರೆ. ಇಂಥ ಅಡ್ಡಹೆಸರು ಎರಡು ಊರುಗಳಲ್ಲಿ ಪ್ರತ್ಯೇಕವಾಗಿ ಹುಟ್ಟಬಹುದು, ಅದನ್ನು ತೀರ್ಮಾನಿಸಬೇಕಾದದ್ದು ದಾಖಲೆ ಪುಸ್ತಕಗಳೇ.