ಲೋಡಿಂಗ್ ಬಾಗಿಲಿನ ಆರ್‌ಎಫ್‌ಐಡಿ ಮಾಹಿತಿಯನ್ನು ಬಿಜ್‌ಟಾಕ್ ಮೂಲಕ ಎಸ್‌ಎಪಿಗೆ ಒಯ್ಯುವ ಸರಿಯಾದ ವಿಧಾನ ಯಾವುದು?

ಪ್ರಶ್ನೆ

ನಮ್ಮದು ದೊಡ್ಡಬಳ್ಳಾಪುರದ ಕಡೆ ಇರುವ, ರಫ್ತಿಗಾಗಿ ಶರ್ಟ್ ಹೊಲಿಯುವ ಕಾರ್ಖಾನೆ. ಖರೀದಿದಾರರು ಕೇಳಿದ್ದರಿಂದ ಪ್ರತಿ ಶರ್ಟಿನ ಬೆಲೆಚೀಟಿಯಲ್ಲೂ ಆರ್‌ಎಫ್‌ಐಡಿ ಟ್ಯಾಗ್ (ರೇಡಿಯೋ ಅಲೆಗಳಿಂದ ದೂರದಿಂದಲೇ ಓದಬಹುದಾದ ಗುರುತು) ಇರುತ್ತದೆ. ಹೇಗೂ ಟ್ಯಾಗ್ ಬಂದಿದೆಯಲ್ಲ ಎಂದು ಪೆಟ್ಟಿಗೆಗಳಿಗೂ ಒಂದೊಂದು ಅಂಟಿಸಿ, ಪೆಟ್ಟಿಗೆ ಲೋಡಿಂಗ್ ಬಾಗಿಲು ದಾಟಿದ ಕೂಡಲೇ ಸರಕು ಹೊರಹೋದ ನಮೂದು ನಮ್ಮ ವ್ಯವಹಾರದ ಲೆಕ್ಕವಿಡುವ ತಂತ್ರಾಂಶವಾದ ಎಸ್‌ಎಪಿಯಲ್ಲಿ ತಾನಾಗಿ ಆಗುವಂತೆ ಮಾಡಲು ಹೊರಟಿದ್ದೇವೆ. ಖರೀದಿದಾರರೊಂದಿಗಿನ ಇಡಿಐ (ಕಂಪ್ಯೂಟರುಗಳ ನಡುವಿನ ದಾಖಲೆ ವಿನಿಮಯ) ವ್ಯವಹಾರವೆಲ್ಲ, ತಂತ್ರಾಂಶಗಳ ನಡುವೆ ಸಂದೇಶ ಸಾಗಿಸುವ ಮೈಕ್ರೋಸಾಫ್ಟಿನ ಬಿಜ್‌ಟಾಕ್ ಸರ್ವರ್ 2020ರಲ್ಲಿ ನಡೆಯುವುದರಿಂದ ಇದನ್ನೂ ಅದರ ಮೂಲಕವೇ ಸಾಗಿಸುವುದೆಂದು ತೀರ್ಮಾನವಾಯಿತು.

ಎರಡು ಬಾಗಿಲುಗಳಿವೆ, ಒಂದೊಂದಕ್ಕೂ ಒಂದು ರೀಡರ್, ನಾಲ್ಕು ಆಂಟೆನಾ. ರೀಡರ್ ಓದಿದ ಪ್ರತಿಯೊಂದು ಟ್ಯಾಗನ್ನೂ ಸಣ್ಣ ಎಕ್ಸ್‌ಎಂಎಲ್ ಸಂದೇಶವಾಗಿಸಿ ಬಿಜ್‌ಟಾಕ್‌ಗೆ ಕಳಿಸುತ್ತೇವೆ. ಅಲ್ಲಿ ಒಂದು ಆರ್ಕೆಸ್ಟ್ರೇಶನ್ (ಹಂತ ಹಂತವಾಗಿ ಕೆಲಸ ನಡೆಸುವ ಪ್ರಕ್ರಿಯೆ), ಪೆಟ್ಟಿಗೆ ಸಂಖ್ಯೆಯ ಮೇಲೆ ಕೋರಿಲೇಶನ್ (ಸಂಬಂಧಿಸಿದ ಸಂದೇಶಗಳನ್ನು ಜೋಡಿಸುವ ಏರ್ಪಾಡು) ಇಟ್ಟುಕೊಂಡು ಒಂದು ನಿಮಿಷ ಕಾದು, ಅಷ್ಟರಲ್ಲಿ ಬಂದ ಸಂದೇಶಗಳನ್ನೆಲ್ಲ ಒಂದಾಗಿಸಿ ಐಡಾಕ್ (ಎಸ್‌ಎಪಿ ಸ್ವೀಕರಿಸುವ ದಾಖಲೆ ರೂಪ) ಕಳಿಸಬೇಕು. ಪರೀಕ್ಷೆಯಲ್ಲಿ ಹತ್ತು ಪೆಟ್ಟಿಗೆಗಳಿಗೆ ಎಲ್ಲವೂ ಸರಿಯಾಗಿತ್ತು. ನಿಜವಾದ ಲಾರಿ ಬಂದ ದಿನ ಸಸ್ಪೆಂಡ್ ಆದ, ಅಂದರೆ ಮುಂದೆ ಸಾಗದೆ ತಡೆದುನಿಂತ ಸಂದೇಶಗಳು ಸಾವಿರದ ಮೇಲೆ ಹೋದವು. ಅದರ ಜೊತೆಗೆ, ಒಂದನೇ ಬಾಗಿಲಲ್ಲಿ ಚಾಲಕರು ಗೇಟ್ ಪಾಸ್ ಹುಡುಕುವವರೆಗೆ ಹ್ಯಾಂಡ್ ಪ್ಯಾಲೆಟ್ ಮೇಲೆ ನಲವತ್ತು ಸೆಕೆಂಡ್ ನಿಂತಿದ್ದ ಒಂದೇ ಪೆಟ್ಟಿಗೆ 214 ಸಲ ದಾಖಲಾಗಿದ್ದು, ಅದರಲ್ಲಿ 31 ಸಲ ಎರಡನೇ ಬಾಗಿಲ ರೀಡರಿನ ಹೆಸರಿನಲ್ಲಿದೆ. ಸರ್ವರಿಗೆ ಇನ್ನಷ್ಟು ಮೆಮೊರಿ ಹಾಕಿದರೆ ಸಾಕೇ, ಅಥವಾ ವಿನ್ಯಾಸವೇ ತಪ್ಪೇ? ಬಿಜ್‌ಟಾಕ್‌ಗೇ ಸೇರಿದ ಆರ್‌ಎಫ್‌ಐಡಿ ಘಟಕವೊಂದು ಇತ್ತೆಂದು ಕೇಳಿದ್ದೇನೆ. ಅದನ್ನು ಬಳಸಬಹುದೇ ಎಂಬುದನ್ನೂ ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ಮೆಮೊರಿಗೆ ಹಣ ಸುರಿಯಬೇಡಿ. ರೀಡರಿಗೆ ಟ್ಯಾಗ್ ಕಂಡಿತು ಎಂಬುದು ಬೇರೆ, ಪೆಟ್ಟಿಗೆ ಹೊರಗೆ ಹೋಯಿತು ಎಂಬುದು ಬೇರೆ. ಮೊದಲನೆಯದು ರೇಡಿಯೋಗೆ ಸಂಬಂಧಿಸಿದ್ದು, ಎರಡನೆಯದು ವ್ಯವಹಾರಕ್ಕೆ. ಬಿಜ್‌ಟಾಕ್‌ಗೆ ತಲುಪಬೇಕಾದದ್ದು ಎರಡನೆಯದು ಮಾತ್ರ. ಒಳಬಂದ ಪ್ರತಿ ಸಂದೇಶವೂ ಮೆಸೇಜ್‌ಬಾಕ್ಸ್ ಎಂಬ ಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ ಬರೆಯಲ್ಪಟ್ಟೇ ಮುಂದೆ ಹೋಗುತ್ತದೆ. ಯಾವುದೂ ಕಳೆದುಹೋಗಬಾರದೆಂಬ ಉದ್ದೇಶದಿಂದ ಮಾಡಿರುವ ಆ ಏರ್ಪಾಡಿನೊಳಗೆ, ಸೆಕೆಂಡಿಗೆ ನೂರಾರು ಸಲ ಬರುವ, ಬಹುಪಾಲು ಕಳೆದುಹೋದರೂ ನಷ್ಟವಿಲ್ಲದ ಓದುಗಳನ್ನು ನೀವು ತುಂಬಿಸುತ್ತಿದ್ದೀರಿ.

ಸಸ್ಪೆಂಡ್ ಆದವುಗಳಲ್ಲಿ ಹೆಚ್ಚಿನವು ಜಾಂಬಿಗಳೆಂದೇ ನನ್ನ ಊಹೆ. ನಿಮ್ಮ ಒಂದು ನಿಮಿಷ ಮುಗಿದು ಆರ್ಕೆಸ್ಟ್ರೇಶನ್ ಬಾಗಿಲು ಹಾಕಿಕೊಳ್ಳುವ ಹೊತ್ತಿಗೆ ಅದೇ ಪೆಟ್ಟಿಗೆಯ ಇನ್ನೊಂದು ಸಂದೇಶ ಅದರ ವಿಳಾಸಕ್ಕೆ ತಲುಪಿರುತ್ತದೆ. ತೆಗೆದುಕೊಳ್ಳುವವರಿಲ್ಲದೆ ಅದು ಅಲ್ಲಿಯೇ ಉಳಿಯುತ್ತದೆ. ಕಾಯುವ ಅವಧಿಯನ್ನು ಐದು ನಿಮಿಷಕ್ಕೆ ಏರಿಸಿದರೂ ಸಂಖ್ಯೆ ಇಳಿಯಬಹುದೇ ಹೊರತು ಕಾಯಿಲೆ ಹೋಗುವುದಿಲ್ಲ.

ಆದ್ದರಿಂದ ಸೋಸುವ ಕೆಲಸ ಬಾಗಿಲಲ್ಲೇ ಮುಗಿಯಬೇಕು. ನಿಮ್ಮ ಶರ್ಟಿನ ಟ್ಯಾಗುಗಳು ಎಸ್‌ಜಿಟಿಐಎನ್-96 (ಬಿಡಿ ವಸ್ತುವಿನ ಸಂಖ್ಯಾ ಮಾದರಿ) ಆಗಿದ್ದರೆ ಅವುಗಳ ಸಂಖ್ಯೆ 30 ಎಂಬ ಹೆಕ್ಸ್ ಅಂಕೆಗಳಿಂದ ಆರಂಭವಾಗುತ್ತದೆ. ಪೆಟ್ಟಿಗೆಗೆ ಎಸ್‌ಎಸ್‌ಸಿಸಿ-96 (ಸಾಗಣೆ ಪೆಟ್ಟಿಗೆಯ ಸಂಖ್ಯಾ ಮಾದರಿ) ಬರೆದಿದ್ದರೆ ಅದು 31ರಿಂದ ಆರಂಭವಾಗುತ್ತದೆ. ರೀಡರ್ ಮತ್ತು ಟ್ಯಾಗ್ ಮಾತಾಡುವ ಜೆನ್-2 ಪ್ರೋಟೋಕಾಲಿನ ಸೆಲೆಕ್ಟ್ ಆದೇಶದಲ್ಲಿ ಇಪಿಸಿ ಬ್ಯಾಂಕಿನ (ಟ್ಯಾಗಿನ ಸಂಖ್ಯೆ ಇರುವ ಸ್ಮೃತಿಭಾಗ) 32ನೇ ಬಿಟ್‌ನಿಂದ ಎಂಟು ಬಿಟ್ ಉದ್ದಕ್ಕೆ 31 ಎಂಬ ಮಾಸ್ಕ್ ಕೊಟ್ಟು, ಹೊಂದಿದ ಟ್ಯಾಗುಗಳಿಗೆ ಮಾತ್ರ ಸರದಿ ಕೊಟ್ಟರೆ ಪೆಟ್ಟಿಗೆಯೊಳಗಿನ ಶರ್ಟುಗಳು ಬಾಯಿ ತೆರೆಯುವುದೇ ಇಲ್ಲ. ಯಾವ ಶರ್ಟು ಯಾವ ಪೆಟ್ಟಿಗೆಯಲ್ಲಿದೆ ಎಂಬುದು ಪ್ಯಾಕಿಂಗ್ ಮೇಜಿನ ಮೇಲೆಯೇ ದಾಖಲಾಗಿರಬೇಕು. ಅದನ್ನು ಲಾರಿಯ ಬಾಗಿಲಲ್ಲಿ ಮತ್ತೆ ವಿಚಾರಿಸುವುದು ವ್ಯರ್ಥ. ಸರಕಿನ ಚಲನೆಯ ಘಟನೆಗಳನ್ನು ದಾಖಲಿಸುವ ಇಪಿಸಿಐಎಸ್ ಮಾನದಂಡ ಇದಕ್ಕೆಂದೇ ಅಗ್ರಿಗೇಶನ್ ಇವೆಂಟ್ ಎಂಬ ಬಗೆಯನ್ನು ಇಟ್ಟಿದೆ. 2022ರ 2.0 ಆವೃತ್ತಿಯಿಂದ ಅದನ್ನು ಜೇಸನ್ ರೂಪದಲ್ಲೂ ಬರೆಯಬಹುದು, ಆದರೆ ನಿಮ್ಮ ಬಿಜ್‌ಟಾಕ್ ಮ್ಯಾಪಿಗೆ (ಒಂದು ಸಂದೇಶರೂಪವನ್ನು ಇನ್ನೊಂದಕ್ಕೆ ಬದಲಿಸುವ ಭಾಗ) ಎಕ್ಸ್‌ಎಂಎಲ್ ರೂಪವೇ ಸುಲಭ.

ಹಾಗೆಯೇ ರೀಡರಿನ ಸೆಷನ್ (ಉತ್ತರ ಕೊಟ್ಟದ್ದನ್ನು ಟ್ಯಾಗ್ ಎಷ್ಟು ಹೊತ್ತು ನೆನಪಿಡಬೇಕೆಂಬ ಹೊಂದಿಕೆ) ಎಷ್ಟಕ್ಕೆ ಹೊಂದಿಸಿದೆ ನೋಡಿ. ಎಸ್0 ಇದ್ದರೆ ರೀಡರಿನ ಅಲೆಯಿಂದ ಸಿಗುವ ವಿದ್ಯುತ್ ತಪ್ಪಿದ ಕ್ಷಣವೇ ಟ್ಯಾಗ್ ತಾನು ಉತ್ತರ ಕೊಟ್ಟಿದ್ದನ್ನು ಮರೆತು ಮತ್ತೆ ಕೂಗುತ್ತದೆ. ಎಸ್2ರಲ್ಲಿ ವಿದ್ಯುತ್ ಸಿಗುತ್ತಿರುವಷ್ಟು ಕಾಲ, ತಪ್ಪಿದ ಮೇಲೂ ಕನಿಷ್ಠ ಎರಡು ಸೆಕೆಂಡ್ ಅದು ನೆನಪಿಟ್ಟುಕೊಳ್ಳುತ್ತದೆ. ನಿಮ್ಮ 214 ಬೆರಳೆಣಿಕೆಗೆ ಇಳಿಯಬಹುದು.

ಉಳಿದದ್ದನ್ನು ಬಾಗಿಲ ಬಳಿಯ ಸಣ್ಣ ಕಂಪ್ಯೂಟರಿಗೆ ಬಿಡಿ. ರೀಡರಿನೊಂದಿಗೆ ಎಲ್‌ಎಲ್‌ಆರ್‌ಪಿಯಲ್ಲಿ (ರೀಡರುಗಳನ್ನು ನಿಯಂತ್ರಿಸುವ ಪ್ರೋಟೋಕಾಲ್) 5084ನೇ ಪೋರ್ಟಿನ ಮೂಲಕ ಮಾತಾಡಿ, ಲಾರಿಯ ಲೋಡಿಂಗ್ ಮುಗಿದಾಗ ಬಾಗಿಲು, ಡೆಲಿವರಿ ಸಂಖ್ಯೆ, ಪೆಟ್ಟಿಗೆಗಳ ಪಟ್ಟಿ, ಸಮಯ ಇಷ್ಟಿರುವ ಒಂದೇ ಸಂದೇಶವನ್ನು ಅದು ಕಳಿಸಲಿ. ಆಗ ಬಿಜ್‌ಟಾಕ್‌ನಲ್ಲಿ ಕೋರಿಲೇಶನ್ ಬೇಕಾಗುವುದಿಲ್ಲ. ಸಂದೇಶ ಬಂದು ಸೇರುವ ರಿಸೀವ್ ಲೊಕೇಶನ್, ಒಂದು ಮ್ಯಾಪ್, ಎಸ್‌ಎಪಿಗೆ ಜೋಡಿಸುವ ಡಬ್ಲ್ಯೂಸಿಎಫ್-ಎಸ್‌ಎಪಿ ಅಡಾಪ್ಟರ್ ಇದ್ದರೆ ಮುಗಿಯಿತು.

ಆರ್‌ಎಫ್‌ಐಡಿ ಘಟಕದ ಬಗ್ಗೆ ಕೇಳಿದ್ದೀರಿ. ಬಿಜ್‌ಟಾಕ್ ಸರ್ವರ್ 2006 ಆರ್2 ಜೊತೆಗೆ 2007ರಲ್ಲಿ ಬಂದ ಅದು ಈಗ ಹೇಳಿದ ಸೋಸುವ ಕೆಲಸವನ್ನೇ ಮಾಡುತ್ತಿತ್ತು, ಚೆನ್ನಾಗಿಯೇ ಮಾಡುತ್ತಿತ್ತು. ಆದರೆ ಹೊಸ ಯೋಜನೆಯನ್ನು ಅದರ ಮೇಲೆ ಕಟ್ಟುವಂತಿಲ್ಲ. ಬಿಜ್‌ಟಾಕ್‌ಗೇ 2020 ಕೊನೆಯ ಆವೃತ್ತಿ ಎಂದು ಮೈಕ್ರೋಸಾಫ್ಟ್ ಹೇಳಿರುವಾಗ, ಬಾಗಿಲಿನ ತರ್ಕವನ್ನು ಅದರ ಹೊರಗೆ ಇಟ್ಟಷ್ಟೂ ಮುಂದೆ ಬೇರೆಡೆಗೆ ಸಾಗಿಸುವುದು ಹಗುರ.

ಉತ್ತರ 2

ಮೇಲಿನವರು ತಂತ್ರಾಂಶದ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ಆ 31 ತಪ್ಪು ಓದುಗಳಿಗೆ ಮಾತ್ರ ಏಣಿ ಹತ್ತಿ ನೋಡಬೇಕಾಗುತ್ತದೆ. ಆಂಟೆನಾದ ಹಿಂಬದಿಯ ಚೀಟಿಯಲ್ಲಿ ಏನು ಬರೆದಿದೆ? ಭಾರತದಲ್ಲಿ ಈ ಕೆಲಸಕ್ಕೆ ಪರವಾನಗಿ ಇಲ್ಲದೆ ಬಳಸಬಹುದಾದದ್ದು 865 ಮೆಗಾಹರ್ಟ್ಸ್‌ನಿಂದ ಆರಂಭವಾಗುವ ಆವರ್ತನ ಪಟ್ಟಿ; ಫಾಸ್ಟ್ಯಾಗ್ ಕೆಲಸ ಮಾಡುವುದೂ ಅಲ್ಲಿಯೇ. ಅಮೆರಿಕದ್ದು 902ರಿಂದ 928 ಮೆಗಾಹರ್ಟ್ಸ್. ಟ್ಯಾಗುಗಳು ಸಾಮಾನ್ಯವಾಗಿ 860ರಿಂದ 960ರವರೆಗೂ ಸ್ಪಂದಿಸುವುದರಿಂದ ಅಮೆರಿಕದ ಆಂಟೆನಾ ಇದ್ದರೂ ಓದು ಬರುತ್ತದೆ, ದೋಷ ಕಾಣುವುದಿಲ್ಲ. ದುರ್ಬಲವಾಗಿ ಬರುತ್ತದೆಂದು ಯಾರೋ ಶಕ್ತಿಯನ್ನು ಗರಿಷ್ಠಕ್ಕೆ ಏರಿಸಿರುತ್ತಾರೆ, ಕಬ್ಬಿಣದ ರೋಲಿಂಗ್ ಶಟರ್ ಅದನ್ನು ಪಕ್ಕದ ಬಾಗಿಲಿಗೆ ಎಸೆಯುತ್ತದೆ. ನಮ್ಮ ಗೋದಾಮಿನಲ್ಲಿ ಇದೇ ಆಗಿತ್ತು.

ಬಾಗಿಲಿಗೆ ಅಡ್ಡಲಾಗಿ ಎರಡು ಫೋಟೋ ಸೆನ್ಸರ್ ಹಾಕಿ ರೀಡರಿನ ಜಿಪಿಐಒಗೆ (ಹೊರಗಿನ ಸಂಕೇತಗಳನ್ನು ಜೋಡಿಸುವ ತಂತಿದಾಣ) ಜೋಡಿಸಿ. ಯಾವ ಕಿರಣ ಮೊದಲು ಕಡಿಯಿತು ಎಂಬುದರಿಂದ ಪೆಟ್ಟಿಗೆ ಹೊರಹೋಯಿತೋ ವಾಪಸ್ ಬಂತೋ ತಿಳಿಯುತ್ತದೆ, ಕಿರಣ ಕಡಿಯದಿದ್ದಾಗ ರೀಡರ್ ಸುಮ್ಮನಿರುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ವಂದನೆಗಳು. ಏಣಿ ಹತ್ತಿಸಿದೆ. ಎಂಟರಲ್ಲಿ ಆರು ಆಂಟೆನಾಗಳ ಮೇಲೆ 902–928 ಎಂದಿದೆ. ರೀಡರ್ ಮಾತ್ರ ಭಾರತದ ಪಟ್ಟಿಗೆ ಸರಿಯಾಗಿದೆ. ಸೆಷನ್ ಎಸ್0 ಆಗಿಯೇ ಇತ್ತು. ಸೆಲೆಕ್ಟ್ ಮಾಸ್ಕ್ ಮತ್ತು ಎಸ್2 ಹಾಕಿ ಅದೇ ಪೆಟ್ಟಿಗೆಯನ್ನು ಅದೇ ಜಾಗದಲ್ಲಿ ನಲವತ್ತು ಸೆಕೆಂಡ್ ನಿಲ್ಲಿಸಿದಾಗ ಒಂಬತ್ತು ಓದು ಬಂತು, ಎರಡನೇ ಬಾಗಿಲಲ್ಲಿ ಒಂದು. ಇನ್ನೊಂದು ಸಂದೇಹ: ಲಾರಿ ಹೊರಡುವ ಹೊತ್ತಿಗೆ ನೆಟ್‌ವರ್ಕ್ ಹೋಗಿದ್ದರೆ ಏನು ಮಾಡಬೇಕು?

ಉತ್ತರ 1

ಬಾಗಿಲ ಕಂಪ್ಯೂಟರ್ ಸಂದೇಶವನ್ನು ಮೊದಲು ತನ್ನ ಡಿಸ್ಕಿಗೆ ಬರೆದು, ಸ್ವೀಕೃತಿ ಬರುವವರೆಗೆ ಮತ್ತೆ ಮತ್ತೆ ಕಳಿಸಲಿ. ಇದರಿಂದ ಒಂದೇ ಸಂದೇಶ ಎರಡು ಸಲ ಬರುವುದು ಖಚಿತವಾದ್ದರಿಂದ, ಪ್ರತಿ ಘಟನೆಗೂ ಒಂದು ವಿಶಿಷ್ಟ ಗುರುತನ್ನು ಬಾಗಿಲಲ್ಲೇ ಕೊಟ್ಟು, ಎಸ್‌ಎಪಿಗೆ ಹೋಗುವ ಮುನ್ನ ಆ ಗುರುತಿನ ಮೇಲೆ ಯೂನಿಕ್ ಕೀ ಇರುವ ಕೋಷ್ಟಕದಲ್ಲಿ ಸೇರಿಸಿ ನೋಡಿ. ಸೇರದಿದ್ದರೆ ಅದು ಆಗಲೇ ಹೋಗಿದೆ. ಸಮಯವನ್ನು ಸರ್ವರಿಗೆ ತಲುಪಿದಾಗ ಹಾಕಬೇಡಿ, ಕಿರಣ ಕಡಿದಾಗಿನದನ್ನೇ ಹಾಕಿ. ಆ ಆರು ಆಂಟೆನಾಗಳನ್ನು ಬದಲಿಸಿದ ಮೇಲೆ ಶಕ್ತಿಯನ್ನು ಕೆಳಗಿನಿಂದ ಏರಿಸುತ್ತ ಬನ್ನಿ, ಮೇಲಿನಿಂದ ಇಳಿಸುತ್ತ ಅಲ್ಲ.