ಅಪ್‌ಡೇಟ್: ಎಇ-1ರ ಲಿವರ್ ಬಿಟ್ಟಿತು, ಕೀರಲು ದನಿ ಉಳಿದಿದೆ

ನನ್ನ ಫಿಲ್ಮ್ ಕ್ಯಾಮೆರಾ ಕ್ಯಾನನ್ ಎಇ-1ರ ಫಿಲ್ಮ್ ಸುತ್ತುವ ಲಿವರ್ ಜಾಮ್, ಶಟರ್ ಬೀಳ್ತಿಲ್ಲ, ದಾವಣಗೆರೆಯಲ್ಲೇ ಬಿಚ್ಚಿಸಬೇಕೋ ಬೇಡವೋ ಅಂತ ಕೇಳಿದ್ದೆ. ತಪ್ಪು ಬ್ಯಾಟರಿಯದ್ದು. ಈ ಮಾಡೆಲ್‌ನಲ್ಲಿ ಶಟರ್ ಬಿಡೋದೇ ಕರೆಂಟು; 6 ವೋಲ್ಟ್ ಸಿಗದಿದ್ದರೆ ಶಟರ್ ಬೀಳಲ್ಲ, ಅದು ಬೀಳದೆ ಲಿವರ್ ತಿರುಗಲ್ಲ. ಮಲ್ಟಿಮೀಟರ್ ಹಿಡಿದರೆ 4.2 ತೋರಿಸಿತು.

ಇದಕ್ಕೆ ಹಾಕುವ 6 ವೋಲ್ಟ್‌ನ 4ಎಲ್‌ಆರ್44 ಬ್ಯಾಟರಿ ಸಿಗಲಿಲ್ಲ. ಮಂಡಿಪೇಟೆಯ ವಾಚ್ ಅಂಗಡಿಯಿಂದ ನಾಲ್ಕು ಎಲ್‌ಆರ್44 ಬಟನ್ ಸೆಲ್ ತಂದು, ಒಂದರ ಮೇಲೊಂದು ಪೇರಿಸಿ ಕಾಗದ ಸುತ್ತಿದೆ. ಆದರೂ ಉದ್ದದಲ್ಲಿ ಸುಮಾರು ಮೂರೂವರೆ ಮಿ.ಮೀ. ಕಡಿಮೆ ಬೀಳುತ್ತೆ, ಆ ಜಾಗಕ್ಕೆ ಅಲ್ಯೂಮಿನಿಯಂ ಫಾಯಿಲ್ ಮಡಚಿ ತುಂಬಬೇಕು. ಅದಕ್ಕೂ ಮೊದಲು ಕಾಂಟ್ಯಾಕ್ಟ್ ಮೇಲಿನ ಹಸಿರು ಕಿಲುಬನ್ನು ವಿನೆಗರ್ ತಾಗಿಸಿದ ಹತ್ತಿಯಲ್ಲಿ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದ್ದಾಯಿತು. ಬ್ಯಾಟರಿ ಮುಚ್ಚಳ ಬರೀ ಪ್ಲಾಸ್ಟಿಕ್, ಜೋರಾಗಿ ಎಬ್ಬಿದರೆ ಮುರಿಯುತ್ತೆ, ಹುಷಾರು.

ಗುಂಡಿ ಒತ್ತಿದೆ, ಶಟರ್ ಬಿತ್ತು, ಲಿವರ್ ಬಂತು. ಆದರೆ ಪ್ರತಿ ಸಲ 'ಕೀಂಯ್' ಅನ್ನುತ್ತೆ: ಕ್ಯಾಮೆರಾದೊಳಗಿನ ಕನ್ನಡಿಯ ಗಿಯರಿನ ಎಣ್ಣೆ ಒಣಗಿದೆ. ಡಬ್ಲ್ಯೂಡಿ-40 (ತುಕ್ಕು ಬಿಡಿಸೋ ಸ್ಪ್ರೇ) ಹೊಡೀರಿ ಅಂದವರಿದ್ದಾರೆ. ಖಂಡಿತ ಇಲ್ಲ, ಅದು ಬಟ್ಟೆಯ ಶಟರ್ ಪರದೆಗೆ ಇಳಿದರೆ ಕ್ಯಾಮೆರಾ ಕೆಟ್ಟಂತೆಯೇ. ಆ ಒಂದು ತೊಟ್ಟು ಎಣ್ಣೆಗೆ, ಬೆಳಕು ಒಳನುಗ್ಗದಂತೆ ತಡೆಯೋ, ಈಗ ಅಂಟಂಟಾಗಿರೋ ಹಿಂಬಾಗಿಲ ಸ್ಪಂಜಿಗೆ ಮಾತ್ರ ಬೆಂಗಳೂರಿಗೆ ಕಳಿಸ್ತಿದ್ದೀನಿ. ಲೆನ್ಸ್, ಬ್ಯಾಟರಿ ಎರಡೂ ಮನೆಯಲ್ಲೇ.